ಮುಂಗಾರು ಮಳೆ ಒಂದಾ, ಎರಡಾ? ಪುಟ್ಟಿ ಕೇಳಿದ್ದಕ್ಕೆ

ಪುಟ್ಟೀ, ನಿನ್ನ ಮೆಸೇಜ್ ಈಗ ನೋಡಿದೆ. ಟೈಪ್ ಮಾಡುತ್ತಾ ಕೂತರೆ ಮುಗಿಯುವುದಿಲ್ಲ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಭಾನುವಾರ ಅಜ್ಜಿ ಮನೆಯಲ್ಲಿ ‘ಮುಂಗಾರು ಮಳೆ’ ಹಾಕೋಣವಾ, ‘ಮುಂಗಾರು ಮಳೆ 2’ ಹಾಕೋಣವಾ, ಎರಡನೆಯದೂ ಅಷ್ಟೇ ಚೆನ್ನಾಗಿದೆಯಾ ಅಂತ ಕೇಳಿದ್ದೀಯ. ಭಾವ ಎರಡನೆಯದೇ ಹಾಕಿ, ಅದು ಜಾಸ್ತಿ ಅದ್ದೂರಿ ಅಂದಿದ್ದಾರೆ. ಅದ್ದೂರಿ ಅನ್ನುವುದು ನಿಜ ಭಾವ, ಒಪ್ಪುತ್ತೇನೆ. ಆದರೆ ಅದು ಮೊದಲನೆಯದರ ಹತ್ತಿರಕ್ಕೂ ಬರುವುದಿಲ್ಲ.

ಮೊದಲನೆಯದರ ಕಥೆ ಅಲ್ಲೇ ಪೂರ್ತಿ ಮುಗಿದಿತ್ತು, ನೋಡಿ. ಬೇರೆಯವನ ಜೊತೆ ಮದುವೆ ನಿಶ್ಚಯವಾಗಿದ್ದ ನಂದಿನಿ ಮನಸ್ಸು ಹೀರೋ ಪ್ರೀತಮ್ ಕಡೆ ಬದಲಾಗಿದೆ. ಪ್ರೀತಮ್ ಅವಳನ್ನು ಕರೆದುಕೊಂಡು ಹೋಗುವುದಷ್ಟೇ ಬಾಕಿ. ಆಗ ಅವಳ ಅಪ್ಪ ಕರ್ನಲ್ ಸುಬ್ಬಯ್ಯ, ಅಂದರೆ ಅನಂತನಾಗ್, ಇವನ ಜೊತೆ ಕುಡಿಯುತ್ತಾ ಕೂತು ತಮ್ಮ ಹೃದಯದ ಕಾಯಿಲೆ ವಿಷಯ ಹೇಳುತ್ತಾರೆ. ನಿಶ್ಚಯವಾದ ಹುಡುಗನ ಜೊತೆ ಮಗಳ ಮದುವೆ ನೋಡಬೇಕು ಅನ್ನುವುದೊಂದೇ ಅವರ ಆಸೆ. ಈ ಹುಡುಗನ ಮೇಲೆ ಅವರಿಗೆ ಎಷ್ಟು ನಂಬಿಕೆ ಅಂದರೆ, ಅದನ್ನು ಮುರಿಯಲು ಅವನಿಗೆ ಆಗುವುದೇ ಇಲ್ಲ. ಯಾರೂ ಹೊಡೆದು ಓಡಿಸಲಿಲ್ಲ, ಅವನಾಗಿ ಬಿಟ್ಟುಕೊಟ್ಟ. 2006ರ ಡಿಸೆಂಬರ್ ಕೊನೆಯಲ್ಲಿ ಬಂದ ಸಿನಿಮಾ ಅದು. ಹೀರೋಗೆ ಹುಡುಗಿ ಸಿಗದ ಆ ಕಥೆ ಬೆಂಗಳೂರಿನ ಮಲ್ಟಿಪ್ಲೆಕ್ಸ್‌ನಲ್ಲಿ ವರ್ಷ ದಾಟಿ ಓಡಿತು!

ಹಾಗೆ ಬಿಟ್ಟುಕೊಟ್ಟವನ ಕಥೆಯನ್ನು ಮುಂದುವರಿಸುವುದು ಹೇಗೆ? ಅದೇ ನಂದಿನಿಯನ್ನು ವಾಪಸ್ ತಂದರೆ ಅವನು ಮಾಡಿದ್ದಕ್ಕೆ ಬೆಲೆಯೇ ಉಳಿಯುವುದಿಲ್ಲ, ಅಲ್ವಾ? ಹಾಗಾಗಿ 2016ರಲ್ಲಿ ಹೆಸರು ಉಳಿಸಿಕೊಂಡು ಹೊಸ ಕಥೆ ಮಾಡಿದರು. ಇಲ್ಲಿನ ಹುಡುಗನಿಗೆ ಎಲ್ಲದರ ಮೇಲೂ ಬೇಗ ಬೇಜಾರು ಬರುತ್ತದೆ. ಅಂಥವನು ಒಬ್ಬಳ ಮೇಲೆ ಮನಸ್ಸು ನಿಲ್ಲಿಸಬೇಕು. ಕೆಟ್ಟ ವಿಷಯವೇನಲ್ಲ, ಬೇರೆ ಹೆಸರಿನಲ್ಲಿ ಬಂದಿದ್ದರೆ ನಾನೇ ಖುಷಿಯಾಗಿ ನೋಡುತ್ತಿದ್ದೆ. ಆದರೆ ಆ ಹೆಸರು ಇಟ್ಟ ಮೇಲೆ ಪ್ರತಿ ದೃಶ್ಯದಲ್ಲೂ ಹಳೆಯದು ನೆನಪಾಗುತ್ತದೆ.

ಮುಖ್ಯವಾಗಿ ಮಾತು. ಮೊದಲನೆಯದರ ನಿರ್ದೇಶಕ ಯೋಗರಾಜ್ ಭಟ್ಟರ ಪ್ರೀತಮ್ ಮಳೆಯಲ್ಲಿ ನೆನೆಯುತ್ತಾ ದೇವದಾಸ ಅನ್ನೋ ಮೊಲದ ಹತ್ತಿರ ಹರಟುತ್ತಾನೆ. ತಲೆಹರಟೆ ಅನ್ನಿಸುವ ಹೊತ್ತಿಗೆ ಒಳಗಿನ ನೋವು ಹೊರಗೆ ಬರುತ್ತದೆ. ಆ ಪಾತ್ರ ಮಾಡಿದ ಗಣೇಶ್ ಆಗಿನ್ನೂ ಟಿವಿಯಿಂದ ಬಂದ ಹೊಸ ಹುಡುಗ. ನಮ್ಮ ಪಕ್ಕದ ಮನೆಯವನೇ ಮಾತಾಡಿದ ಹಾಗಿತ್ತು. ಹತ್ತು ವರ್ಷದ ಮೇಲೆ ಎರಡನೆಯದಕ್ಕೆ ಬಂದವರೂ ಅದೇ ಗಣೇಶ್, ಆದರೆ ಗೋಲ್ಡನ್ ಸ್ಟಾರ್ ಆಗಿ. ಎರಡನೆಯದರ ನಿರ್ದೇಶಕ ಶಶಾಂಕ್ ಅವರನ್ನು ನಾನು ದೂರುವುದಿಲ್ಲ. ‘ಮೊಗ್ಗಿನ ಮನಸು’ ಮಾಡಿದವರು ಅವರು, ಹದಿಹರೆಯದ ಹುಡುಗಿಯರ ಮನಸ್ಸನ್ನು ಅಷ್ಟು ಚೆನ್ನಾಗಿ ತೋರಿಸಿದ್ದಾರೆ. ಇನ್ನೊಬ್ಬರ ಧಾಟಿಯನ್ನು ಅವರಿಂದ ನಿರೀಕ್ಷಿಸುವುದೇ ತಪ್ಪು.

ಮಳೆಯೂ ಅಷ್ಟೇ. ಮೊದಲನೆಯದರಲ್ಲಿ ಎಸ್. ಕೃಷ್ಣ ಅವರ ಕ್ಯಾಮೆರಾದಲ್ಲಿ ಮೈಗಂಟಿದ ಒದ್ದೆ ಬಟ್ಟೆ, ಕೆಸರು, ಮಂಜು ಎಲ್ಲ ಇದೆ. ನೋಡುತ್ತಾ ಕೂತವರಿಗೇ ಚಳಿಯಾಗುತ್ತದೆ. ಎರಡನೆಯದರಲ್ಲಿ ಮಳೆ ಚೆಂದಕ್ಕಿದೆ, ಅಷ್ಟೇ.

ಚಿಕ್ಕಮ್ಮ ಹಾಡಿನ ಬಗ್ಗೆ ಕೇಳಿದ್ದರು. ಮನೋಮೂರ್ತಿಯವರ ಸಂಗೀತಕ್ಕೆ ಜಯಂತ ಕಾಯ್ಕಿಣಿಯವರು ಬರೆದ ‘ಅನಿಸುತಿದೆ ಯಾಕೋ ಇಂದು’ ಹಾಡನ್ನು ಮೀರಿಸುವುದು ಕಷ್ಟ. ಆದರೂ ಎರಡನೆಯದರಲ್ಲಿ ಅರ್ಜುನ್ ಜನ್ಯ ಸಂಗೀತದ ‘ಸರಿಯಾಗಿ ನೆನಪಿದೆ ನನಗೆ’ ನಿಜಕ್ಕೂ ಒಳ್ಳೆಯ ಹಾಡು, ಅದೂ ಕಾಯ್ಕಿಣಿಯವರದೇ. ಅಪ್ಪನ ಪಾತ್ರದಲ್ಲಿ ರವಿಚಂದ್ರನ್ ಕೂಡ ಇಷ್ಟವಾದರು.

ಅದಕ್ಕೇ ಭಾನುವಾರ ಮೊದಲನೆಯದನ್ನೇ ಹಾಕಿ. ಎರಡನೆಯದನ್ನು ಇನ್ನೊಂದು ವಾರ, ಬೇರೆಯದೇ ಸಿನಿಮಾ ಅಂದುಕೊಂಡು ನೋಡೋಣ. ಒಂದೇ ದಿನ ಎರಡೂ ಬೇಡ ಭಾವ, ಪಾಪ, ಎರಡನೆಯದಕ್ಕೆ ಅನ್ಯಾಯವಾಗುತ್ತದೆ. ಮತ್ತೆ ಪುಟ್ಟೀ, ಕೊನೆಯಲ್ಲಿ ಮೊಲ ಸಾಯುತ್ತದೆ ಅಂತ ಚಿಕ್ಕವನಿಗೆ ಮೊದಲೇ ಹೇಳಿಬಿಡು.