ಸಹಾಯ ಬೇಕು: ನಾಯಿಗೆ ನಿಲ್ಲದ ಭೇದಿ, ಐಬಿಡಿ ಅನುಮಾನ

ಎಲ್ಲರಿಗೂ ನಮಸ್ಕಾರ. ನಾವಿರೋದು ಹಾಸನದಲ್ಲಿ. ನಮ್ಮ ಲ್ಯಾಬ್ರಡಾರ್ ರಾಣಿಗೆ ಆರು ವರ್ಷ. ಮಳೆಗಾಲದಿಂದ ಭೇದಿ ನಿಂತಿಲ್ಲ. ಎರಡು ದಿನ ಸರಿ ಅನ್ಸುತ್ತೆ, ಮತ್ತೆ ಲೋಳೆ ಲೋಳೆ, ಕೆಲವೊಮ್ಮೆ ರಕ್ತದ ಎಳೆ. ಊಟ ಮಾಡ್ತಾಳೆ, ಆದ್ರೂ ಬೆನ್ನು ಸವರಿದ್ರೆ ಮೂಳೆ ಕೈಗೆ ಸಿಗುತ್ತೆ. ನೋಡೋಕಾಗ್ತಿಲ್ಲ.

ಜಂತುಹುಳದ ಔಷಧಿ ಆಯ್ತು, ಮಲ ಪರೀಕ್ಷೆಯಲ್ಲಿ ಜಿಯಾರ್ಡಿಯಾ (ಭೇದಿ ತರೋ ಕರುಳಿನ ಪರಾವಲಂಬಿ) ಇಲ್ಲ. ಮೆಟ್ರೋನಿಡಜೋಲ್ ಅನ್ನೋ ಆಂಟಿಬಯೋಟಿಕ್ ಕೊಟ್ಟಾಗ ಕಡಿಮೆಯಾಗಿ, ನಿಲ್ಲಿಸಿದ ಕೂಡಲೇ ಮರುಕಳಿಸುತ್ತೆ. ಡಾಕ್ಟರು ಐಬಿಡಿ, ಅಂದ್ರೆ ಕರುಳಿನ ದೀರ್ಘಕಾಲದ ಉರಿಯೂತ ಇರಬಹುದು ಅಂತಾರೆ. ಖಚಿತವಾಗೋಕೆ ಎಂಡೋಸ್ಕೋಪಿ (ಕ್ಯಾಮೆರಾ ಇರೋ ಕೊಳವೆಯಿಂದ ಕರುಳು ನೋಡೋದು) ಮಾಡಿ, ಕರುಳಿನ ಚೂರು ತೆಗೆದು ಬಯಾಪ್ಸಿಗೆ ಕಳಿಸಬೇಕಂತೆ. ಅದಕ್ಕೂ ಮೊದಲು, ಹಳೇ ಆಹಾರವೇ ಒಗ್ಗುತ್ತಿಲ್ಲವಾ ಅಂತ ತಿಳಿಯೋಕೆ, ಅವಳು ಯಾವತ್ತೂ ತಿಂದಿರದ ಪ್ರೋಟೀನ್ ಕೊಟ್ಟು ನೋಡಿ ಅಂದಿದ್ದಾರೆ. ಹುಟ್ಟಿದಾಗಿಂದ ಕೋಳಿ, ಮೊಟ್ಟೆ, ಮೊಸರನ್ನ ತಿಂದವಳು. ಹಾಗಾಗಿ ಈಗ ಬರೀ ಬೇಯಿಸಿದ ಮೀನು, ಸಿಹಿಗೆಣಸು. ಪಕ್ಕದ ಮನೆ ಅಜ್ಜಿ ಪ್ರೀತಿಯಿಂದ ಹಾಕೋ ಬಿಸ್ಕೆಟ್ಟೂ ಬಂದ್.

ಹೈಡ್ರೊಲೈಸ್ಡ್ ಪ್ರೋಟೀನ್ (ಅಲರ್ಜಿ ಆಗದಂತೆ ಸಣ್ಣದಾಗಿ ಒಡೆದ ಪ್ರೋಟೀನ್) ಆಹಾರದಿಂದ ಗುಣ ಕಂಡವರಿದ್ದೀರಾ? ತಿಂಗಳಿಗೆ ಎಷ್ಟು ಖರ್ಚು ಬಂತು? ವಿಟಮಿನ್ ಬಿ12 ರಕ್ತಪರೀಕ್ಷೆ, ಎಂಡೋಸ್ಕೋಪಿ ಬೆಂಗಳೂರಲ್ಲಿ ಎಲ್ಲಿ ಮಾಡಿಸಿದ್ರಿ? ಪ್ರೆಡ್ನಿಸೊಲೋನ್ (ಉರಿಯೂತ ತಗ್ಗಿಸೋ ಸ್ಟೀರಾಯ್ಡ್) ಶುರು ಮಾಡಿದ್ಮೇಲೆ ಹಸಿವು, ಬಾಯಾರಿಕೆ, ಪದೇಪದೇ ಮೂತ್ರ ಹೇಗೆ ನಿಭಾಯಿಸಿದ್ರಿ?

ದಯವಿಟ್ಟು ಮಜ್ಜಿಗೆ, ಅರಿಶಿನ ಅಂತ ಹೇಳಬೇಡಿ. ನಡುವೆ ಬೇರೇನಾದ್ರೂ ಕೊಟ್ರೆ ಆಹಾರದ ಪರೀಕ್ಷೆ ಮೊದಲಿಂದ ಶುರು ಮಾಡಬೇಕಾಗುತ್ತೆ.