ಟ್ಯಾಬ್ ಇಟ್ಟರೆ ಇಳಿಯುವ, ಗಾಳಿಗೆ ವಾಲುವ ಮ್ಯೂಸಿಕ್ ಸ್ಟ್ಯಾಂಡ್: ರಿಪೇರಿ ಮಾಡಲೋ, ಹೊಸದು ಕೊಳ್ಳಲೋ?

ಕೊಪ್ಪಳದ ವಯೊಲಿನ್:
ನಮಸ್ಕಾರ. ಸುಗಮ ಸಂಗೀತ ತಂಡದಲ್ಲಿ ನಿಂತು ನುಡಿಸುತ್ತೇನೆ. ಗಂಗಾವತಿ, ಕುಷ್ಟಗಿ, ಹೊಸಪೇಟೆ ಕಡೆಗೆಲ್ಲ ಬಸ್ಸಿನಲ್ಲೇ ಓಡಾಟ. ಅದಕ್ಕೇ ಮಡಚಿ ಬ್ಯಾಗಿಗೆ ಹಾಕುವಂಥ ತಂತಿ ಸ್ಟ್ಯಾಂಡ್ ತರಿಸಿದ್ದೆ. ಹಾಳೆ ಇಟ್ಟರೆ ಏನೂ ತೊಂದರೆ ಇಲ್ಲ. ಹತ್ತಿಂಚಿನ ಟ್ಯಾಬ್ ಇಟ್ಟರೆ ಕಂಬ ಮೆಲ್ಲಗೆ ಕೆಳಗಿಳಿಯುತ್ತದೆ, ತಿರುಪು ಎಷ್ಟು ಬಿಗಿ ಮಾಡಿದರೂ ಅಷ್ಟೇ. ಬಯಲಲ್ಲಿ ವೇದಿಕೆ ಇದ್ದರಂತೂ ಗಾಳಿಗೆ ಇಡೀ ಸ್ಟ್ಯಾಂಡೇ ವಾಲುತ್ತದೆ. ಮೊನ್ನೆ ಹಾಡಿನ ನಡುವೆ ಕೀಬೋರ್ಡ್‌ನವರು ಕೈ ಚಾಚಿ ಹಿಡಿದರು, ಇಲ್ಲದಿದ್ದರೆ ಟ್ಯಾಬ್ ಒಡೆದೇ ಹೋಗುತ್ತಿತ್ತು. ಗಟ್ಟಿಯಾಗಿಯೂ ಇರಬೇಕು, ಹೊರಲೂ ಆಗಬೇಕು. ಏನು ಮಾಡಲಿ?

ಬಳ್ಳಾರಿ ಕೀಬೋರ್ಡ್:
ಮೇಡಂ, ಇವು ಎರಡು ಬೇರೆ ಬೇರೆ ತೊಂದರೆ. ಜಾರುವುದು ಹಿಡಿತದ ದೋಷ, ವಾಲುವುದು ಕಾಲಿನ ದೋಷ.

ಮೊದಲು ತಿರುಪಿನ ಬುಡ ನೋಡಿ. ಅಲ್ಲಿರುವ ಪ್ಲಾಸ್ಟಿಕ್ ಪಟ್ಟಿಯಲ್ಲಿ ಕೂದಲೆಳೆಯಷ್ಟು ಬಿರುಕು ಇದೆಯಾ? ಇದ್ದರೆ ಬಿಗಿ ಮಾಡಿದಷ್ಟೂ ಬಿರುಕು ಬಾಯಿ ಬಿಡುತ್ತದೆಯೇ ಹೊರತು ಪೈಪ್ ಹಿಡಿಯುವುದಿಲ್ಲ. ಬಿಸಿಲಲ್ಲಿ ಬಿಟ್ಟರೆ ಈ ಪ್ಲಾಸ್ಟಿಕ್ ಬೇಗ ಪೆಡಸಾಗುತ್ತದೆ, ನಮ್ಮ ಕಡೆಯ ಬೇಸಿಗೆ ಗೊತ್ತಲ್ವಾ. ಬಿರುಕು ಇಲ್ಲದಿದ್ದರೆ ಪೈಪನ್ನು ಒಣ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ. ಎಣ್ಣೆ ಮಾತ್ರ ಹಾಕಲೇಬೇಡಿ.

ಸದ್ಯಕ್ಕೆ ಒಂದು ಉಪಾಯ ಇದೆ. ಮೋಟಾರ್ ಪಂಪ್ ಸಾಮಾನಿನ ಅಂಗಡಿಯಲ್ಲಿ ಸಣ್ಣ ಹೋಸ್ ಕ್ಲಿಪ್ (ಪೈಪಿನ ಸುತ್ತ ಹಾಕಿ ಬಿಗಿ ಮಾಡುವ ಲೋಹದ ಬಳೆ) ಸಿಗುತ್ತದೆ. ನಿಮಗೆ ಬೇಕಾದ ಎತ್ತರಕ್ಕೆ ಕಂಬ ಎಳೆದು, ಒಳಗಿನ ತೆಳು ಪೈಪಿಗೆ, ತಿರುಪಿನ ಪಟ್ಟಿಗೆ ತಾಗುವಂತೆ ಸರಿಯಾಗಿ ಮೇಲೆ, ಕ್ಲಿಪ್ ಹಾಕಿ ಬಿಗಿ ಮಾಡಿ. ಕ್ಲಿಪ್ ಪಟ್ಟಿಯ ಮೇಲೆ ಕೂರುತ್ತದೆ. ಆಮೇಲೆ ತಿರುಪು ಸಡಿಲವಿದ್ದರೂ ಕಂಬ ಇಳಿಯುವುದಿಲ್ಲ. ಮಡಚುವಾಗ ಕ್ಲಿಪ್ ಸಡಿಲಿಸಬೇಕು, ಅದಕ್ಕೆ ಬ್ಯಾಗಿನಲ್ಲಿ ಸಣ್ಣ ಸ್ಕ್ರೂಡ್ರೈವರ್ ಇರಲಿ.

ಟ್ಯಾಬ್ ಇಡುವ ತಟ್ಟೆಯೂ ಬಾಗುತ್ತಿದ್ದರೆ ಆ ಕೀಲಿನ ನಟ್ ಬಿಚ್ಚಿ, ಸೈಕಲ್ ಟ್ಯೂಬಿನ ತುಂಡನ್ನು ವಾಷರ್‌ನಂತೆ ಕತ್ತರಿಸಿ ನಡುವೆ ಹಾಕಿ. ರಬ್ಬರ್ ಚೆನ್ನಾಗಿ ಕಚ್ಚುತ್ತದೆ.

ಕೊಪ್ಪಳದ ವಯೊಲಿನ್:
ಬಿರುಕು ಇದೆ ಸರ್, ನೀವು ಹೇಳಿದ ಜಾಗದಲ್ಲೇ. ಕ್ಲಿಪ್ ಹಾಕಿದೆ, ಈಗ ಇಳಿಯುತ್ತಿಲ್ಲ. ವಾಲುವುದಕ್ಕೆ ಏನು ಮಾಡಲಿ? ಭಾರದ ಸ್ಟ್ಯಾಂಡ್ ತಗೊಂಡರೆ ಸರಿಹೋಗುತ್ತದಾ?

ಬಳ್ಳಾರಿ ಕೀಬೋರ್ಡ್:
ಬರೀ ಭಾರ ನೋಡಿ ತಗೋಬೇಡಿ. ಆರ್ಕೆಸ್ಟ್ರಾದವರು ಬಳಸುವ ಮ್ಯಾನ್‌ಹ್ಯಾಸೆಟ್ 48 ಅನ್ನುವ ಸ್ಟ್ಯಾಂಡ್ ತುಂಬಾ ಗಟ್ಟಿ, ಆದರೆ ಅದರ ಕಾಲು ಮಡಚುವುದಿಲ್ಲ. ಬಸ್ಸಿನಲ್ಲಿ ಅದನ್ನು ಹೊತ್ತು ಓಡಾಡುವುದು ಆಗದ ಮಾತು. ವಾಲದಿರಲು ಮುಖ್ಯವಾದದ್ದು ಕಾಲು ಎಷ್ಟು ಅಗಲಕ್ಕೆ ಹರಡುತ್ತದೆ ಅನ್ನುವುದು.

ನಿಮ್ಮ ಸ್ಟ್ಯಾಂಡಿನಲ್ಲೇ ನೋಡಿ. ಮೂರೂ ಕಾಲು ಪೂರ್ತಿ ಅಗಲಿಸಿ. ಆದರೆ ನಡುವಿನ ಪೈಪಿನ ಬುಡ ನೆಲಕ್ಕೆ ತಾಗಬಾರದು, ಒಂದು ಬೆರಳಿನಷ್ಟು ಮೇಲಿರಬೇಕು. ತಾಗಿದರೆ ಕಾಲುಗಳು ಎದ್ದು ಇಡೀ ಸ್ಟ್ಯಾಂಡ್ ಅಲ್ಲಾಡುತ್ತದೆ. ಗಾಳಿ ಯಾವ ಕಡೆಗೆ ತಳ್ಳುತ್ತದೋ ಆ ಕಡೆಗೆ ಒಂದು ಕಾಲು ಬರಲಿ. ತಟ್ಟೆಯನ್ನು ನೆಟ್ಟಗೆ ನಿಲ್ಲಿಸದೆ ಸ್ವಲ್ಪ ಮಲಗಿಸಿ, ಗಾಳಿಗೆ ಸಿಗುವ ಜಾಗ ಕಡಿಮೆಯಾಗುತ್ತದೆ. ಆಷಾಢದ ಗಾಳಿಯಲ್ಲಿ ಇಷ್ಟೂ ಸಾಲದು. ಎರಡು ಕೆಜಿ ಮರಳಿನ ಚೀಲವನ್ನು ಕಾಲುಗಳ ಮೇಲೆ, ನೆಲಕ್ಕೆ ಹತ್ತಿರವಾಗಿ ಇಡಿ. ಮೇಲೆ ನೇತು ಹಾಕಿದರೆ ಅದೇ ತೂಗಾಡಿ ಬೀಳಿಸುತ್ತದೆ.

ಹೊಸದು ಕೊಳ್ಳುವುದಾದರೆ ತಟ್ಟೆ ತೂತುಗಳಿರುವ ತಗಡಿನದಾಗಿರಲಿ, ಗಾಳಿ ಹಾಯ್ದು ಹೋಗುತ್ತದೆ. ಕೀಲುಗಳಿಗೆ ರಿವೆಟ್ ಬದಲು ನಟ್-ಬೋಲ್ಟ್ ಇರಲಿ. ಸಡಿಲವಾದ ರಿವೆಟ್ಟನ್ನು ನಾವು ಬಿಗಿ ಮಾಡಲಾಗುವುದಿಲ್ಲ, ನಟ್ ಆದರೆ ಮನೆಯಲ್ಲೇ ಆಗುತ್ತದೆ. ನನಗೆ ಇದೇ ಎಲ್ಲಕ್ಕಿಂತ ಮುಖ್ಯ. ಅಂಗಡಿಯಲ್ಲಿ ಒಂದು ಲೀಟರ್ ನೀರಿನ ಬಾಟಲಿಯನ್ನು ತಟ್ಟೆಯ ಅಂಚಿನಲ್ಲಿಟ್ಟು ಹತ್ತು ನಿಮಿಷ ಬಿಡಿ. ಅದು ಒಂದು ಕೆಜಿ, ನಿಮ್ಮ ಟ್ಯಾಬ್‌ಗಿಂತ ಜಾಸ್ತಿ. ಕಂಬದ ಮೇಲೆ ಪೆನ್ನಿನಲ್ಲಿ ಗುರುತು ಮಾಡಿಕೊಂಡರೆ ಇಳಿಯಿತೋ ಇಲ್ಲವೋ ಗೊತ್ತಾಗುತ್ತದೆ.

ರಾಯಚೂರು ಭಜನೆ:
ಅಕ್ಕಾ, ನಡುವೆ ಬಂದೆ. ನಾವು ಕೂತು ದಾಸರ ಪದ ಹಾಡುವವರು. ಇಂಥ ಸ್ಟ್ಯಾಂಡ್ ಪೂರ್ತಿ ಇಳಿಸಿದರೂ ನಮ್ಮ ಮುಖಕ್ಕೆ ಅಡ್ಡ ಬರುತ್ತದೆ. ಬೇರೆ ದಾರಿ ಇದೆಯಾ?

ಬಳ್ಳಾರಿ ಕೀಬೋರ್ಡ್:
ಕೂತು ಹಾಡುವವರಿಗೆ ಮರದ ವ್ಯಾಸಪೀಠವೇ ಸರಿ, ಸ್ಟ್ಯಾಂಡಿಗೆ ದುಡ್ಡು ಹಾಕಬೇಡಿ. ಟ್ಯಾಬ್ ಜಾರದಂತೆ ಕೆಳ ಅಂಚಿಗೆ ರಬ್ಬರ್ ಪಟ್ಟಿ ಅಂಟಿಸಿ.

ಕೊಪ್ಪಳದ ವಯೊಲಿನ್:
ನಡುವಿನ ಪೈಪ್ ನೆಲಕ್ಕೆ ತಾಗುತ್ತಿತ್ತು ಸರ್. ಎತ್ತಿದ ಮೇಲೆ ಅಲ್ಲಾಟ ಬಹಳ ಕಡಿಮೆಯಾಗಿದೆ. ಮಹಡಿ ಮೇಲೆ ಗಾಳಿಗೆ ಇಟ್ಟು ನೋಡಿದೆ. ಮರಳಿನ ಚೀಲ ಇದ್ದರೆ ನಿಲ್ಲುತ್ತದೆ, ಇಲ್ಲದಿದ್ದರೆ ಈಗಲೂ ಸ್ವಲ್ಪ ವಾಲುತ್ತದೆ. ಒಳಾಂಗಣ ಕಾರ್ಯಕ್ರಮಕ್ಕೆ ಇದನ್ನೇ ಇಟ್ಟುಕೊಂಡು, ಬಯಲು ವೇದಿಕೆಗೆ ತೂತಿನ ತಗಡಿನದು ತಗೋತೀನಿ. ಆದರೆ ಬಸ್ಸಿನಲ್ಲಿ ಮರಳು ಹೊರುವುದು ಕಷ್ಟ.

ಬಳ್ಳಾರಿ ಕೀಬೋರ್ಡ್:
ಖಾಲಿ ಚೀಲ ಮಾತ್ರ ಒಯ್ಯಿರಿ. ಮರಳೋ ಕಲ್ಲೋ, ಹೋದ ಊರಲ್ಲೇ ತುಂಬಿಕೊಂಡರಾಯಿತು.