ಒಂದು ತಿಂಗಳಾದರೂ ವಾಸಿಯಾಗದ ನಾಲಿಗೆ ಹುಣ್ಣು: ಹೆದರಬೇಕಾ?

ಪ್ರಶ್ನೆ: ಡಾಕ್ಟ್ರೇ, ಅಪ್ಪನಿಗೆ 58 ವರ್ಷ. ನಾಲಿಗೆಯ ಎಡಪಕ್ಕದಲ್ಲಿ ಹುಣ್ಣಾಗಿ ಒಂದು ತಿಂಗಳಾಯಿತು. ಮುಲಾಮು, ಬಿ ಕಾಂಪ್ಲೆಕ್ಸ್ ಎಲ್ಲಾ ಆಯಿತು. ನೋವಿಲ್ಲವಲ್ಲ, ತಾನೇ ಹೋಗುತ್ತೆ ಅನ್ನುತ್ತಾರೆ. ಸಿಗರೇಟ್ ಅಭ್ಯಾಸ ಇದೆ. ನಾನೇ ಸುಮ್ನೆ ಹೆದರುತ್ತಿದ್ದೇನಾ?

ದಂತವೈದ್ಯರ ಉತ್ತರ: ಇಲ್ಲ, ಸುಮ್ನೆ ಅಲ್ಲ. ಈ ವಾರವೇ ತೋರಿಸಿ. ಬಾಯಿ ಕ್ಯಾನ್ಸರ್ ಶುರುವಿನಲ್ಲಿ ಎಷ್ಟೋ ಸಲ ನೋಯುವುದೇ ಇಲ್ಲ. ಜನ ತಡ ಮಾಡುವುದೂ ಅದಕ್ಕೇ. ಮಾಮೂಲಿ ಬಾಯಿಹುಣ್ಣು ಉರಿಯುತ್ತದೆ, ಚುಚ್ಚುತ್ತದೆ, ಆದರೆ ಒಂದೆರಡು ವಾರದಲ್ಲಿ ಹೋಗಿಬಿಡುತ್ತದೆ. ಮೂರು ವಾರ ದಾಟಿದ ಹುಣ್ಣನ್ನು ನಾನು ಎಂದೂ ಹಗುರವಾಗಿ ತೆಗೆದುಕೊಳ್ಳುವುದಿಲ್ಲ.

ಅದರಲ್ಲೂ ನಾಲಿಗೆಯ ಪಕ್ಕ ಮತ್ತು ಅಡಿಭಾಗ, ಕ್ಯಾನ್ಸರ್ ಜಾಸ್ತಿ ಕಾಣಿಸಿಕೊಳ್ಳುವ ಜಾಗಗಳು. ನಾವು ಅಲ್ಲಿ ಬರೀ ನೋಡುವುದಿಲ್ಲ, ನಾಲಿಗೆಯನ್ನು ಬಟ್ಟೆಯಲ್ಲಿ ಹಿಡಿದು ಹೊರಗೆಳೆದು ಹುಣ್ಣಿನ ಅಂಚನ್ನು ಬೆರಳಿನಿಂದ ಒತ್ತಿ ನೋಡುತ್ತೇವೆ. ಮಾಮೂಲಿ ಹುಣ್ಣು ಮೆತ್ತಗಿರುತ್ತದೆ. ಒಳಗೊಂದು ಗುಂಡಿ ಹೊಲಿದಿಟ್ಟ ಹಾಗೆ ಗಟ್ಟಿ ಸಿಕ್ಕಿದರೆ ಅನುಮಾನ ಜಾಸ್ತಿಯಾಗುತ್ತದೆ. ಮುರಿದ ಹಲ್ಲಿನ ಚೂಪು ಉಜ್ಜಿಯೂ ಹುಣ್ಣಾಗಬಹುದು, ಅದನ್ನೂ ನೋಡುತ್ತಾರೆ.

ಇನ್ನೊಬ್ಬರ ಪ್ರಶ್ನೆ: ನನಗೆ ಕೆನ್ನೆಯ ಒಳಗೆ ಬಿಳಿ ಮಚ್ಚೆ ಇದೆ, ಉಜ್ಜಿದರೂ ಹೋಗುತ್ತಿಲ್ಲ. ಹುಣ್ಣಿಲ್ಲ. ಪರವಾಗಿಲ್ಲ ಅಲ್ವಾ?

ಉತ್ತರ: ತೋರಿಸಲೇಬೇಕು. ಅಂಥ ಬಿಳಿ ಮಚ್ಚೆಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಆಗುವುದಿಲ್ಲ, ಕೆಲವು ಮುಂದೆ ಆಗುತ್ತವೆ. ಯಾವುದು ಅಂತ ಕಣ್ಣಲ್ಲಿ ನೋಡಿ ಹೇಳಲು ಆಗುವುದಿಲ್ಲ. ಮಖಮಲ್ಲಿನ ಹಾಗೆ ಕೆಂಪಗಿರುವ ಮಚ್ಚೆಯಂತೂ ಬಿಳಿಯದಕ್ಕಿಂತ ಅಪಾಯ. ಬಾಯಿ ಮೊದಲಿನಷ್ಟು ತೆರೆಯುತ್ತಿದೆಯಾ ನೋಡಿಕೊಳ್ಳಿ. ನಿಮ್ಮದೇ ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿ ಹಲ್ಲುಗಳ ನಡುವೆ ಹಿಡಿಸದಿದ್ದರೆ ಅದನ್ನೂ ಹೇಳಿ. ತಂಬಾಕು, ಅಡಿಕೆ ಅಗಿಯುವವರಲ್ಲಿ ಕೆನ್ನೆ ಒಳಗೇ ಬಿಗಿಯಾಗುವುದುಂಟು. ತಂಬಾಕಿಲ್ಲದೆ ಬರೀ ಅಡಿಕೆಯಿಂದಲೂ ಬಾಯಿ ಕ್ಯಾನ್ಸರ್ ಬರುತ್ತದೆ. ಕಾರಣವಿಲ್ಲದೆ ಅಲ್ಲಾಡುವ ಹಲ್ಲು, ತುಟಿ ಮರಗಟ್ಟುವುದು, ಒಂದೇ ಕಡೆ ಕಿವಿನೋವು, ಕುತ್ತಿಗೆಯಲ್ಲಿ ನೋಯದ ಗಂಟು, ಇವೂ ಲಕ್ಷಣಗಳೇ. ಯಾವ ಚಟವೂ ಇಲ್ಲದವರಿಗೂ ಈ ರೋಗ ಬರುತ್ತದೆ, ಅದು ನೆನಪಿರಲಿ.

ಮೊದಲು ಕೇಳಿದವರು: ಥ್ಯಾಂಕ್ಸ್ ಡಾಕ್ಟ್ರೇ. ಆದರೆ ಬಯಾಪ್ಸಿ (ಹುಣ್ಣಿನ ಚೂರು ತೆಗೆದು ಪರೀಕ್ಷೆ ಮಾಡುವುದು) ಅಂದರೆ ಅಪ್ಪನಿಗೆ ಭಯ. ಚಾಕು ತಾಗಿದರೆ ಹರಡುತ್ತೆ ಅಂತ ಯಾರೋ ಹೇಳಿದ್ದಾರೆ.

ಉತ್ತರ: ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಬಯಾಪ್ಸಿ ಮಾಡಿದ್ದರಿಂದ ಬಾಯಿ ಕ್ಯಾನ್ಸರ್ ಹರಡುವುದಿಲ್ಲ. ಮಾಡಿಸದೆ ಕೂತರೆ ಅದು ತಾನಾಗಿ ಬೆಳೆಯುತ್ತದೆ. ಆ ಜಾಗಕ್ಕೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಚಿಕ್ಕ ಚೂರು ತೆಗೆಯುತ್ತಾರೆ, ಒಂದೆರಡು ಹೊಲಿಗೆ ಹಾಕುತ್ತಾರೆ, ಸಾಮಾನ್ಯವಾಗಿ ಅವತ್ತೇ ಮನೆಗೆ ಬರಬಹುದು. ಅಪ್ಪ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ. ಇವತ್ತೇ ಬೆಳಕಿನಲ್ಲಿ ಹುಣ್ಣಿನ ಒಂದು ಫೋಟೋ ತೆಗೆದಿಟ್ಟುಕೊಂಡು ಹೋಗಿ.